ಚೇಂಬರಿನ ಅಂಚಿನ ಗುಳಿ

ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: ‘ಸುರಪುರದಿಂದ ಒಂದು ಪಾಯಿಂಟ್ ಟೂ-ಟೂ ರೈಫಲ್ ಬಂತು. ತುಂಬಿಕೊಳ್ಳುವುದಿಲ್ಲ, ತುಂಬಿಕೊಂಡರೆ ಹಾರುವುದಿಲ್ಲ.’

ಯಾದಗಿರಿಯಲ್ಲಿ ನಾನು ಕೆಲಸ ಮಾಡುವುದು ಪರವಾನಗಿ ಇರುವ ಒಂದು ಬಂದೂಕು ದುರಸ್ತಿ ಅಂಗಡಿಯಲ್ಲಿ. ಪರವಾನಗಿ ಉಸ್ತಾದರ ಹೆಸರಿನಲ್ಲಿದೆ. ಸಹಿ ಅವರದು, ಬಿಚ್ಚಿ ಜೋಡಿಸುವ ಕೆಲಸ ಬಹುಪಾಲು ನನ್ನದು. ಅಂದು ಶಟರ್ ಎತ್ತಿ ಕಸ ಹೊಡೆಯುತ್ತಿದ್ದಾಗ ಮೆಟ್ಟಿಲ ಮೇಲೆ ಇಬ್ಬರು ಕಾಯುತ್ತಿದ್ದರು. ಬಿಳಿ ಪಟಕಾ ಸುತ್ತಿದ ಎಪ್ಪತ್ತು ದಾಟಿದ ಹಿರಿಯರೊಬ್ಬರು, ಜೊತೆಗೆ ಅವರ ಮಗಳು. ಹಿರಿಯರ ಕೈಯಲ್ಲಿ ಖಾಕಿ ಬಟ್ಟೆಯ ಚೀಲ, ಮಗಳ ಕೈಯಲ್ಲಿ ಕಾಗದಪತ್ರಗಳ ಫೈಲು.

“ಉಸ್ತಾದ್ರ, ನಮ್ಮ ಬಂದೂಕಿಗಿ ಚುನಾವಣಿ ಬಡದದ ನೋಡ್ರಿ,” ಎಂದರು ಹಿರಿಯರು.

ಉಸ್ತಾದರು ಚಹಾದ ಕಪ್ಪು ಕೆಳಗಿಟ್ಟು ನಕ್ಕರು. “ಯಾರಿಗಿ ಬಡದಿಲ್ಲ ಹೇಳ್ರಿ ಯಜಮಾನ್ರ? ಗೆದ್ದಾವ್ರು ಕಣ್ಣಿಗಿ ಬೀಳವಲ್ರು, ಸೋತಾವ್ರು ಮನಿ ಬಿಟ್ಟು ಹೋಗವಲ್ರು. ಬರ್ರಿ, ಕುಂದರ್ರಿ.”

ಚುನಾವಣೆ ಬಂತೆಂದರೆ ಪರವಾನಗಿಯ ಬಂದೂಕುಗಳೆಲ್ಲ ಠಾಣೆಗೆ ಹೋಗಬೇಕು. ಯಜಮಾನರ ರೈಫಲ್ಲೂ ಬೇಸಿಗೆಯುದ್ದಕ್ಕೂ ಠಾಣೆಯ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಬಿಡಿಸಿಕೊಂಡು ಬಂದಮೇಲೆ ಪೊಲೀಸರ ಫೈರಿಂಗ್ ಮೈದಾನದಲ್ಲಿ ಅನುಮತಿ ಪಡೆದು ಹೊಡೆದು ನೋಡಿದ್ದರು. ಅಲ್ಲಿ ಆದದ್ದನ್ನು ಮಗಳು ಹೇಳಿದರು.

“ಹತ್ತು ಕಾರ್ತೂಸ್ ತುಂಬಿದ್ರ ನಾಕೋ ಐದೋ ಹೋಗ್ತಾವ್ರಿ. ಎರಡು ಬಾಯಾಗ ಸಿಕ್ಕೊಂಡು ನಿಂದರ್ತಾವ. ಉಳದಾವು ಬರೇ ಟಿಕ್ ಅಂತಾವ, ಈಡು ಇಲ್ಲ.”

ಆಮೇಲೆ ಅವರು ಫೈಲು ಬಿಚ್ಚಿದರು. ಯಜಮಾನರಿಗೆ ವಯಸ್ಸಾಗಿತ್ತು, ಬಲಗೈ ನಡುಗುತ್ತಿತ್ತು. ರೈಫಲ್ ಮಗಳ ಹೆಸರಿಗೆ ವರ್ಗವಾಗಬೇಕೆಂದು ಅರ್ಜಿ ಹಾಕಿದ್ದರು. ಮಗಳು ಬಂದೂಕು ತರಬೇತಿ ಮುಗಿಸಿ ಪ್ರಮಾಣಪತ್ರ ತೆಗೆದುಕೊಂಡಿದ್ದರು. ಉಳಿದದ್ದು ಒಂದೇ ಕಾಗದ: ಆಯುಧ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಇರುವ ದುರಸ್ತಿಗಾರರ ವರದಿ. ಅದು ಜೂನ್ ಇಪ್ಪತ್ತೆಂಟರೊಳಗೆ ಕಚೇರಿ ಮುಟ್ಟಬೇಕು. ಇಲ್ಲವಾದರೆ ಅರ್ಜಿ ಬೀಳುತ್ತದೆ. ಯಜಮಾನರು ತಮ್ಮ ಪರವಾನಗಿಯನ್ನು ಇನ್ನು ನವೀಕರಿಸುವುದಿಲ್ಲವೆಂದು ಆಗಲೇ ಬರೆದುಕೊಟ್ಟಿದ್ದರು. ಅಂದರೆ ರೈಫಲ್ ಮತ್ತೆ ಠಾಣೆಗೆ ಹೋಗುತ್ತದೆ, ಈ ಸಲ ತಿರುಗಿ ಬರುವುದಿಲ್ಲ.

“ನಮ್ಮ ಅಪ್ಪ ತಂದದ್ದು,” ಎಂದರು ಯಜಮಾನರು. “ನನಗ ಗಂಡುಮಕ್ಕಳಿಲ್ಲ ಅಂತ ಮಂದಿ ಅಂತಾರ. ಇಕಿ ಹೊಡದಿದ್ದು ನೀವು ನೋಡ್ರಿ, ಆಮ್ಯಾಲ ಹೇಳ್ರಿ.”

“ಅಪ್ಪಾ, ಬಂದೂಕ ತೋರ್ಸು. ನನ್ನ ತೋರಸಬ್ಯಾಡ,” ಎಂದರು ಮಗಳು.

ಉಸ್ತಾದರು ರೈಫಲ್ ಕೈಗೆ ತೆಗೆದುಕೊಂಡರು. ಕಾಡತೂಸು ತುಂಬುವ ಮ್ಯಾಗಜಿನ್ ಬಿಚ್ಚಿಟ್ಟರು, ಬೋಲ್ಟ್ ಹಿಂದಕ್ಕೆಳೆದು ಹಿಡಿದರು, ಕಿರುಬೆರಳು ತೂರಿಸಿ ಚೇಂಬರನ್ನು, ಅಂದರೆ ನಳಿಗೆಯ ಬುಡದಲ್ಲಿ ಕಾಡತೂಸು ಕೂರುವ ಗೂಡನ್ನು, ಮುಟ್ಟಿ ನೋಡಿದರು. ಆಮೇಲೆ ನನಗೆ ಕೊಟ್ಟರು. ನಾನೂ ಅದನ್ನೆಲ್ಲ ಇನ್ನೊಮ್ಮೆ ಮಾಡಿದೆ. “ಖಾಲಿ ಅದ ಅಂತ ಹೇಳಿ ಕೊಟ್ಟದ್ದು ಮದ್ಲ ನೋಡ್ಬೇಕು ಬೇಟಾ” ಎನ್ನುವುದು ಉಸ್ತಾದರು ನನಗೆ ಕಲಿಸಿದ ಮೊದಲ ಪಾಠ.

ನೋಡಲು ಸೊಗಸಾದ ರೈಫಲ್. ವಾಲ್ನಟ್ ಕಟ್ಟಿಗೆಯ ಹಿಡಿ ಕೈ ತಾಕಿ ತಾಕಿ ಕಪ್ಪಾಗಿತ್ತು. ಹಿಡಿಯ ಸಂದಿನಲ್ಲಿ ಕುಂಕುಮ ಉಳಿದಿತ್ತು. ಅದನ್ನು ನೋಡಿಯೂ ನಾನು ಏನೂ ಯೋಚಿಸಲಿಲ್ಲ. ನಮ್ಮ ಕಡೆಯ ಯಾವ ಬಂದೂಕಿಗೆ ಕುಂಕುಮ ಇರುವುದಿಲ್ಲ?

ಈ ಜಾತಿಯ ಕಾಡತೂಸಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಿದರೆ ಮುಂದಿನದು ತಿಳಿಯುತ್ತದೆ. ದೊಡ್ಡ ಕಾಡತೂಸಿನ ಬುಡದ ನಡುವೆ ಇರುವಂಥ ಟೋಪಿ ಇದಕ್ಕಿಲ್ಲ. ಹಿತ್ತಾಳೆಯ ಕೊಳವೆಯ ಬುಡದ ಸುತ್ತ ತೆಳ್ಳಗಿನ ಅಂಚೊಂದು ಇರುತ್ತದೆ. ಕಿಡಿ ಹಿಡಿಯುವ ಮಸಾಲೆ ಇರುವುದು ಆ ಅಂಚಿನೊಳಗೆ. ಫೈರಿಂಗ್ ಪಿನ್ ಬಂದು ಆ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಜಜ್ಜಬೇಕು. ಹುಣಸೆ ಬೀಜವನ್ನು ಕಲ್ಲಿನ ಮೇಲಿಟ್ಟು ಕುಟ್ಟಿದಂತೆ: ಮೇಲಿನ ಪೆಟ್ಟು ಜೋರಾಗಿರಬೇಕು, ಕೆಳಗಿನ ಕಲ್ಲೂ ಗಟ್ಟಿಯಾಗಿರಬೇಕು. ಇನ್ನು ಈ ರೈಫಲ್ ಸೆಮಿ-ಆಟೊಮ್ಯಾಟಿಕ್. ಎಂದರೆ, ಗುಂಡು ಹಾರಿದ ರಭಸಕ್ಕೆ ಬೋಲ್ಟ್ ತಾನೇ ಹಿಂದೆ ಸರಿದು ಖಾಲಿ ಕೊಳವೆಯನ್ನು ಎಸೆಯುತ್ತದೆ. ಸ್ಪ್ರಿಂಗಿನ ಒತ್ತಡಕ್ಕೆ ಮುಂದೆ ಬರುತ್ತಾ ಮ್ಯಾಗಜಿನ್ನಿನಿಂದ ಹೊಸದನ್ನು ತಳ್ಳಿಕೊಂಡು ಬರುತ್ತದೆ. ಈ ಓಟದಲ್ಲಿ ಎಲ್ಲಿ ತಡೆ ಬಂದರೂ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೋ ಠುಸ್ ಆಗುತ್ತದೆ.

ನನ್ನ ಪದ್ಧತಿ ಸರಳ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಹೊಡೆದು ನೋಡುವುದು, ಬರೆದುಕೊಳ್ಳುವುದು. ಗುರುವಾರ ಹತ್ತಿಕುಣಿ ದಾರಿಯ ಗುಡ್ಡದ ಬದಿಯಲ್ಲಿರುವ ಫೈರಿಂಗ್ ಮೈದಾನಕ್ಕೆ ನಾಲ್ವರೂ ಹೋದೆವು. ಅಲ್ಲಿನ ಉಸ್ತುವಾರಿ ಒಬ್ಬ ಜಮಾದಾರರದು. ಹುಬ್ಬು ದಪ್ಪ, ಮಾತು ಅದಕ್ಕಿಂತ ದಪ್ಪ. ನಾನು ಮರದ ಹಲಗೆಯ ಮೇಲೆ ಹಾಳೆ ಸಿಕ್ಕಿಸಿ ಗೆರೆ ಎಳೆಯುವುದನ್ನು ನೋಡಿ ಕೇಳಿದರು:

“ಏನೋ ತಮ್ಮಾ, ಈಡು ಹೊಡ್ಯಾಕ ಬಂದಿಯೋ ಹಾಲಿನ ಲೆಕ್ಕ ಬರ್ಯಾಕ ಬಂದಿಯೋ?”

“ಎರಡೂ ಒಂದ ರೀ. ಎಷ್ಟು ನೀರು ಬೆರಕಿ ಆಗ್ಯಾದ ನೋಡ್ಬೇಕು,” ಎಂದೆ.

ಮಗಳು ಮರಳಿನ ಮೂಟೆಗಳ ಹಿಂದೆ ಮಲಗಿ ಹೊಡೆದರು. ಯಜಮಾನರು ಹೇಳಿದ್ದು ಸುಳ್ಳಾಗಿರಲಿಲ್ಲ. ಹಾರಿದ ಗುಂಡುಗಳೆಲ್ಲ ಒಂದು ವೀಳ್ಯದೆಲೆಯೊಳಗೆ ಕೂತಿದ್ದವು. ಠುಸ್ ಆದಾಗಲೆಲ್ಲ ಮೂತಿ ಗುರಿಯತ್ತಲೇ ಇಟ್ಟು ಒಂದು ನಿಮಿಷ ಅಲ್ಲಾಡದೆ ಕಾಯುವುದು ನಿಯಮ. ಮಸಾಲೆ ಒಳಗೇ ಹೊಗೆಯಾಡುತ್ತಿದ್ದರೆ ತಡವಾಗಿ ಹಾರಬಹುದು. ಆ ಬಿಸಿಲಿನಲ್ಲಿ ಅವರು ಪ್ರತಿ ಸಲವೂ ಕಾದರು. ಎರಡು ಬೇರೆ ಬೇರೆ ತಯಾರಿಕೆಯ ಕಾಡತೂಸು ಹಾಕಿ ನೋಡಿದೆವು, ಫಲ ಅದೇ. ಮ್ಯಾಗಜಿನ್ನಿನ ತುಟಿ ಅಗಲವಾಗಿದೆಯೇನೋ ಎಂದುಕೊಂಡು ಅಂಗಡಿಯಿಂದ ತಂದಿದ್ದ ಇನ್ನೊಂದು ಮ್ಯಾಗಜಿನ್ ಹಾಕಿದೆ. ಫಲ ಅದೇ. ತಪ್ಪಿದ ಕಾಡತೂಸುಗಳನ್ನು ಎಸೆಯದೆ ಒಂದು ಡಬ್ಬಿಗೆ ಹಾಕಿಕೊಂಡೆ. ಅವುಗಳ ಅಂಚಿನ ಮೇಲೆ ಪಿನ್ನಿನ ಗುರುತು ಇತ್ತು, ಆದರೆ ಆಳವಿರಲಿಲ್ಲ. ಪೆಟ್ಟು ಬಿದ್ದಿತ್ತು, ಜಜ್ಜಿರಲಿಲ್ಲ.

ಮರುದಿನ ಬೋಲ್ಟ್ ಪೂರ್ತಿ ಬಿಚ್ಚಿದೆ. ಫೈರಿಂಗ್ ಪಿನ್ ತನ್ನ ಜಾಡಿನಲ್ಲಿ ಸರಸರ ಓಡಬೇಕು. ಇದು ಬೆಲ್ಲದ ಪಾಕದಲ್ಲಿ ಸಿಕ್ಕ ಇರುವೆಯಂತೆ ಓಡುತ್ತಿತ್ತು. ಒಳಗೆಲ್ಲ ಕಂದು ಬಣ್ಣದ ತೆಳುವಾದ ಪದರ, ಪಾರದರ್ಶಕ, ಉಗುರಿಗೆ ಅಂಟುತ್ತಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆ. ಸಂಜೆ ತೆಗೆದು ನೋಡಿದರೆ ಪದರ ಹಾಗೇ ಇತ್ತು. ಬಂದೂಕಿನ ಎಣ್ಣೆ ಎಷ್ಟು ಹಳತಾದರೂ ಸೀಮೆಎಣ್ಣೆಗೆ ಕರಗದೆ ಇರುವುದಿಲ್ಲ. ಹಾಗಾದರೆ ಇದು ಬಂದೂಕಿನ ಎಣ್ಣೆಯಲ್ಲ.

ಅಂದು ಗೋಗಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಒಲೆಯ ಪಕ್ಕದ ಎಣ್ಣೆ ಡಬ್ಬಿಯ ಬಾಯಿಯನ್ನು ನೋಡಿದೆ. ಗಾಣದಿಂದ ತಂದ ಕುಸುಬೆ ಎಣ್ಣೆ ಸುರಿದು ಸುರಿದು ಕಂಠದಲ್ಲಿ ಅದೇ ಕಂದು ಪದರ ಕಟ್ಟಿತ್ತು. ಎಷ್ಟು ಒರೆಸಿದರೂ ಹೋಗದ, ಬೇಸಿಗೆಯಲ್ಲಿ ಇನ್ನೂ ಬಿಗಿಯಾಗುವ ಪದರ. ಅದಕ್ಕೆ ಉಗುರು ಹಾಕಿ ಕೆರೆದೆ.

“ಉಣ್ಣೂದು ಬಿಟ್ಟು ಡಬ್ಬಿ ಯಾಕ ಕೆರಿಯಾಕತ್ತಿ?” ಎಂದಳು ಅವ್ವ.

“ಅವ್ವಾ, ಇದು ಹ್ಯಾಂಗ ಹೋಗ್ತದ?”

“ಬಿಸಿನೀರು, ಸೋಡಾ. ಇಲ್ಲಂದ್ರ ಹೊಸ ಡಬ್ಬಿ. ನಿನ್ನ ಪಗಾರದಾಗ ತಂದ್ರೂ ನಡಿತದ.”

ಸುರಪುರಕ್ಕೆ ಫೋನು ಮಾಡಿದೆ. ಮಗಳು ಎತ್ತಿದರು. “ಅಕ್ಕಾರ, ಬಂದೂಕಿಗಿ ಯಾವ ಎಣ್ಣಿ ಹಾಕ್ತೀರಿ?”

“ಪೂಜಿಗಿ ಕುಸುಬಿ ಎಣ್ಣಿ ಹಚ್ತೀವ್ರಿ. ನಮ್ಮ ಹೊಲದ್ದು,” ಎಂದರು. ಹಿಂದಿನಿಂದ ಯಜಮಾನರ ದನಿ ಕೇಳಿತು: “ಠಾಣೆಕ್ಕ ಕೊಡೂಮುಂದ ಚಂದಂಗಿ ಹೊಯ್ದೀನಿ ಅಂತ ಹೇಳವ್ವಾ, ತುಕ್ಕು ಹಿಡೀಬಾರದಂತ!”

ಚಿತ್ರ ಪೂರ್ತಿಯಾಯಿತು ಅನ್ನಿಸಿತು. ಹೊಲದ ಎಣ್ಣೆ ಹೊಯ್ದು, ಮೂತಿ ಮೇಲೆ ಮಾಡಿ ಗೋಡೆಗೆ ಒರಗಿಸಿದ್ದಾರೆ. ಎಣ್ಣೆ ಇಳಿದು ಬೋಲ್ಟಿನಲ್ಲಿ ನಿಂತಿದೆ. ಮೇಲೆ ನಮ್ಮ ಯಾದಗಿರಿ ಸೀಮೆಯ ಏಪ್ರಿಲ್, ಮೇ. ಕುಸುಬೆ ಎಣ್ಣೆ ಒಣಗಿದರೆ ವಾರ್ನಿಷ್ಷೇ. ಬೋಲ್ಟಿನ ಓಟ ನಿಧಾನವಾದರೆ ತುಂಬಿಕೊಳ್ಳುವುದು ಅರ್ಧ, ಪಿನ್ನಿನ ಓಟ ನಿಧಾನವಾದರೆ ಪೆಟ್ಟು ಅರ್ಧ. ಎರಡೂ ರೋಗಕ್ಕೆ ಒಂದೇ ಬೇರು. ಬಿಸಿನೀರು, ಸೋಡಾ, ಕೊನೆಗೆ ಥಿನ್ನರ್. ಬಿದಿರಿನ ಕಡ್ಡಿ, ಹಲ್ಲುಜ್ಜುವ ಬ್ರಷ್ಷು. ಒಂದೊಂದು ಭಾಗವನ್ನೂ ಒಣಗಿಸಿ, ಸರಿಯಾದ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಹಾಕಿ ಜೋಡಿಸಿದೆ. ಪಿನ್ ಈಗ ಬೋಲ್ಟ್ ಓರೆ ಮಾಡಿದರೆ ತಾನೇ ಜಾರುತ್ತಿತ್ತು.

ಜೂನ್ ಇಪ್ಪತ್ತು, ಮತ್ತೆ ಮೈದಾನ. ಮೊದಲ ಹತ್ತು ಸಲೀಸಾಗಿ ಹೋದವು. ಯಜಮಾನರು ಪಟಕಾ ತೆಗೆದು ಗಾಳಿ ಬೀಸಿಕೊಂಡರು. “ನಮ್ಮ ಕುಸುಬಿ ಎಣ್ಣಿ ಬಂದೂಕನ್ನ ಹಿಡಿದು ನಿಂದ್ರಸ್ತದಂದ್ರ, ಅದನ್ನ ಉಂಡ ನಾವು ಎಷ್ಟು ಗಟ್ಟಿ ಇರ್ಬೇಕು ಹೇಳ್ರಿ!” ಎಂದು ಜಮಾದಾರರ ಬೆನ್ನು ತಟ್ಟಿದರು. ಎರಡನೇ ಮ್ಯಾಗಜಿನ್ನಿನಲ್ಲಿ ಒಂದು ಬಾಯಲ್ಲಿ ನಿಂತಿತು. ಮೂರನೆಯದರಲ್ಲಿ ಎರಡು ಠುಸ್. ನಾಲ್ಕನೆಯದು ಸಲೀಸು. ಐದನೆಯದರಲ್ಲಿ ಮತ್ತೆ ಒಂದು ಠುಸ್.

“ಹೊಸಾ ಬಂದೂಕದಾಗೂ ಐವತ್ತಕ್ಕ ಒಂದೆರಡು ತಪ್ತಾವ ತಮ್ಮಾ,” ಎಂದರು ಜಮಾದಾರರು. “ಪಾಸ್ ಅಂತ ಬರೀ. ಬಿಸಿಲಾಗ ತಲಿ ಕಾದದ.”

ಅಂಗಡಿಗೆ ಬಂದೆವು. ಉಸ್ತಾದರು ವರದಿಯ ಹಾಳೆ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು. ಎದುರಿನ ಬೆಂಚಿನ ಮೇಲೆ ತಂದೆ-ಮಗಳು ಕೂತಿದ್ದರು. ಮಗಳು ಆಗಲೇ ಫೈಲಿನಲ್ಲಿ ಆ ಹಾಳೆಗೆ ಜಾಗ ಮಾಡಿ ಹಿಡಿದಿದ್ದರು. ಆ ಖಾಲಿ ಜಾಗವನ್ನು ನೋಡುತ್ತಾ ಈ ಮಾತು ಹೇಳುವುದು ನನಗೆ ಬಹಳ ಕಷ್ಟವಾಯಿತು.

“ಉಸ್ತಾದ್, ಸಹಿ ಬ್ಯಾಡ್ರಿ.”

ನಾನು ಲೆಕ್ಕದ ಹಾಳೆಯನ್ನು ಅವರ ಮುಂದೆ ಸರಿಸಿದೆ. “ಠುಸ್ ಆದ ಮೂರನ್ನೂ ಅಕ್ಕಾರು ಬೋಲ್ಟ್ ಎಳದು ತಗದು, ತಿರುಗಿ ಒಳಗ ಒತ್ತಿ ಎರಡನೇ ಸಲ ಹೊಡದಾಗ ಹಾರ್‍ಯಾವ. ಅಂದ್ರ ಮದ್ಲನೇ ಸಲ ಕಾರ್ತೂಸ್ ಪೂರ್ತಿ ಒಳಗ ಕುಂತಿಲ್ಲ. ಪಿನ್ನಿನ ಪೆಟ್ಟು ಅದನ್ನ ಮುಂದ ತಳ್ಳೂದರಾಗ ಮುಗದದ. ಪಿನ್ ಸ್ವಚ್ಛ ಅದ, ಸ್ಪ್ರಿಂಗ್ ಸ್ವಚ್ಛ ಅದ. ಒಳಗ ಇನ್ನೂ ಏನೋ ಅಡ್ಡ ಅದ. ಅದು ತಿಳಿಯೂತನಕ ಅಕ್ಕಾರ ಕಣ್ಣಿನ ಮುಂದ ಇದನ್ನ ಹಿಡ್ರಿ ಅಂತ ನಾವು ಬರಕೊಡಬಾರದು.”

ನಾನು ಇಪ್ಪತ್ತನಾಲ್ಕರವನು. ಉಸ್ತಾದರು ಈ ಬೆಂಚಿನ ಮುಂದೆ ಕೂತು ನನ್ನ ವಯಸ್ಸಿಗಿಂತ ಹೆಚ್ಚು ವರ್ಷವಾಗಿದೆ. ಗಿರಾಕಿಗಳ ಮುಂದೆ ಹಾಗೆ ಅಂದದ್ದಕ್ಕೆ ಅವರು ಗದರಬಹುದಿತ್ತು. ಅವರು ಪೆನ್ನಿನ ಟೋಪಿ ಮತ್ತೆ ಹಾಕಿ ಜೇಬಿಗಿಟ್ಟುಕೊಂಡರು. “ಲಡಕಾ ಸಹೀ ಬೋಲ್ ರಹಾ ಹೈ,” ಹುಡುಗ ಹೇಳುತ್ತಿರುವುದು ಸರಿ, ಎಂದರು. ಆಮೇಲೆ ಯಜಮಾನರ ಕಡೆ ತಿರುಗಿ, “ಇನ್ನ ಎಂಟು ದಿನ ಅದಾವಲ್ರಿ ಯಜಮಾನ್ರ. ಹುಡುಕ್ತಾನ.” ಆ ಕ್ಷಣಕ್ಕೆ ನಾನು ಅವರಿಗೆ ಎಷ್ಟು ಋಣಿ ಎಂದು ದಿನಚರಿಯಲ್ಲಿ ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟಿದ್ದೇನೆ, ಸಾಲು ಹಾಗೇ ಇದೆ.

ಹಾರಿದ ಕಾಡತೂಸಿನ ಖಾಲಿ ಕೊಳವೆಗೆ ನಮ್ಮಲ್ಲಿ ಖೋಕಾ ಅನ್ನುತ್ತಾರೆ. ಮರುದಿನ ಎಲ್ಲ ಖೋಕಾಗಳನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದೆ, ಪಿನ್ನಿನ ಗುರುತು ಮೇಲೆ ಬರುವಂತೆ. ಹಾಗೆ ಮಲಗಿಸಿದ ಮೇಲೆಯೇ ಕಂಡದ್ದು: ಪ್ರತಿಯೊಂದರ ಮೈಮೇಲೆ, ಪಿನ್ನಿನ ಗುರುತಿನ ನೇರಕ್ಕೆ, ಕೂದಲೆಳೆಯಂಥ ಒಂದು ಗೀರು. ಹಾರದವುಗಳ ಮೇಲೂ ಇತ್ತು. ಎಲ್ಲವೂ ಒಂದೇ ಜಾಗದಲ್ಲಿ ತರಚಿಕೊಂಡು ಒಳಗೆ ಹೋಗಿದ್ದವು.

ಬೋಲ್ಟ್ ತೆಗೆದು ಟಾರ್ಚು ಬಿಟ್ಟು ಗಡಿಯಾರ ರಿಪೇರಿಯವರ ಕಣ್ಣುಗಾಜಿನಿಂದ ಚೇಂಬರಿನ ಬಾಯಿ ನೋಡಿದೆ. ಅಂಚಿನ ಮೇಲೆ, ಪಿನ್ ಬಂದು ಬಡಿಯುವ ಕಡೆ, ಒಂದು ಗುಳಿ. ಗುಳಿಯಿಂದ ಸರಿದ ಲೋಹ ಒಳಮುಖವಾಗಿ ಸಣ್ಣ ನಾಲಗೆಯಂತೆ ಚಾಚಿಕೊಂಡಿತ್ತು. ಕಾಡತೂಸನ್ನು ತರಚುತ್ತಿದ್ದದ್ದು, ಪೂರ್ತಿ ಕೂರಲು ಬಿಡದೆ ಇದ್ದದ್ದು ಅದೇ. ಅಷ್ಟೇ ಅಲ್ಲ, ಹುಣಸೆ ಬೀಜದ ಕೆಳಗಿನ ಕಲ್ಲಿಗೂ ಅಲ್ಲೇ ತಗ್ಗು ಬಿದ್ದಿತ್ತು.

ಉಸ್ತಾದರು ಕಣ್ಣುಗಾಜು ಹಚ್ಚಿ ಬಹಳ ಹೊತ್ತು ನೋಡಿದರು. “ಖಾಲಿ ಹೊಡದಾರ,” ಎಂದರು. “ಒಂದಲ್ಲ ಎರಡಲ್ಲ. ಬಹಳ.”

ಒಳಗೆ ಕಾಡತೂಸು ಇಲ್ಲದೆ ಟ್ರಿಗರ್ ಎಳೆದರೆ ಈ ಜಾತಿಯ ರೈಫಲ್ಲಿನ ಪಿನ್ ನೇರ ಚೇಂಬರಿನ ಅಂಚಿಗೇ ಬಡಿಯಬಹುದು. ಹತ್ತಿಪ್ಪತ್ತು ಸಲಕ್ಕೆ ಏನೂ ಆಗುವುದಿಲ್ಲ. ಇಂಥ ಗುಳಿ ಬೀಳಬೇಕಾದರೆ ವರ್ಷಗಟ್ಟಲೆ ಬಡಿದಿರಬೇಕು.

ಸೋಮವಾರ ತಂದೆ-ಮಗಳು ಬಂದರು. ನಾನು ಕೇಳಿದೆ. ಯಜಮಾನರ ಮುಖ ಬಿಗಿಯಾಯಿತು.

“ಖಾಲಿ ಹೊಡಿಯೂದಾ? ತಮ್ಮಾ, ಬಂದೂಕ ಆಟಿಗಿ ಸಾಮಾನಲ್ಲ. ನಮ್ಮಪ್ಪ ಕಲಿಸಿದ್ದು ಅದ. ನಾ ಎಂದೂ ಹೊಡದಿಲ್ಲ, ಯಾರಿಗೂ ಹೊಡ್ಯಾಕ ಬಿಟ್ಟಿಲ್ಲ.”

ಮಗಳೂ ತಲೆಯಾಡಿಸಿದರು. ಸುಳ್ಳು ಹೇಳುವವರಲ್ಲ. ತಾವೂ ಒಮ್ಮೆ ಗುಳಿ ನೋಡಬೇಕೆಂದು ಯಜಮಾನರು ಕೇಳಿದರು. ತೋರಿಸಿದೆ. ಅವರಿಗೆ ಏನೂ ಕಾಣಲಿಲ್ಲ. ಬೋಲ್ಟ್ ಜೋಡಿಸಿ, ಖಾಲಿ ಇರುವುದನ್ನು ಎಲ್ಲರೂ ನೋಡಿದ ಮೇಲೆ, “ಸ್ವಲ್ಪ ಕೊಡು ಇಲ್ಲಿ” ಎಂದರು. ಕೊಟ್ಟೆ.

ಅವರು ಎದ್ದು ನಿಂತರು. ಚಪ್ಪಲಿ ಬಿಟ್ಟರು. ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿದರು, ಮೂತಿಯನ್ನು ಮೂಲೆಯ ಮರಳಿನ ಪೆಟ್ಟಿಗೆಯತ್ತ ತಿರುಗಿಸಿ ಬೋಲ್ಟ್ ಎಳೆದು ಬಿಟ್ಟರು, ಕಣ್ಣು ಮುಚ್ಚಿ ಟ್ರಿಗರ್ ಎಳೆದರು.

ಟಿಕ್.

“ತೊಗೊಳವ್ವಾ, ಕೈ ಮುಟ್ಸು,” ಎಂದು ಮಗಳ ಕಡೆ ಚಾಚಿದರು. ಮಗಳ ಕೈ ಬೋಲ್ಟಿನ ತನಕ ಬಂದು ಅಲ್ಲೇ ನಿಂತಿತು. ಅವರು ನನ್ನ ಮುಖ ನೋಡಿದರು. ನಾನು ಉಸ್ತಾದರ ಮುಖ ನೋಡಿದೆ.

“ಅಪ್ಪಾ,” ಎಂದರು ಅವರು ಮೆಲ್ಲಗೆ. “ಇದ ಅಲ್ಲಾ ಅವರು ಕೇಳಿದ್ದು?”

“ಯಾವುದು?”

“ಖಾಲಿ ಹೊಡಿಯೂದು.”

“ಇದು ಹೊಡಿಯೂದು ಹ್ಯಾಂಗಾತದ? ಇದು ನಮಸ್ಕಾರ!”

ಅವರ ಮನೆತನದಲ್ಲಿ ಮಹಾನವಮಿಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಹಿಂದೆ ಗಾಳಿಯಲ್ಲಿ ಒಂದು ಈಡು ಹಾರಿಸುವ ರೂಢಿ ಇತ್ತಂತೆ. ಹಾಗೆ ಹಾರಿಸುವುದು ತಪ್ಪು, ಕಾಯ್ದೆಯೂ ಒಪ್ಪುವುದಿಲ್ಲವೆಂದು ಯಜಮಾನರು ತಮ್ಮ ಕಾಲದಲ್ಲಿ ಅದನ್ನು ನಿಲ್ಲಿಸಿದ್ದರು. ಅದರ ಬದಲಿಗೆ ತಂದದ್ದೇ ‘ಕೈ ಮುಟ್ಟಿಸುವುದು’. ದೇವಿಯ ಮುಂದೆ ಕಾಡತೂಸಿಲ್ಲದ ರೈಫಲ್ ಇಟ್ಟು, ಮನೆಯವರೆಲ್ಲ ಒಬ್ಬೊಬ್ಬರಾಗಿ ಬೋಲ್ಟ್ ಎಳೆದು ಒಂದು ಸಲ ಟ್ರಿಗರ್ ಎಳೆಯುವುದು. ಅಣ್ಣತಮ್ಮಂದಿರ ಮನೆಗಳು, ಕೆಂಭಾವಿಗೆ ಕೊಟ್ಟ ಹೆಣ್ಣುಮಕ್ಕಳು, ಅಳಿಯಂದಿರು, ಹೊಸ ಸೊಸೆಯಂದಿರು, ಬೆರಳು ಹಿಡಿದು ಎಳೆಸಿದ ಕೂಸುಗಳು. ಒಂದು ಈಡಿನ ಅಪಾಯ ತಪ್ಪಿಸಲು ತಂದ ಪದ್ಧತಿ ವರ್ಷಕ್ಕೆ ಅರವತ್ತು ಎಪ್ಪತ್ತು ಪೆಟ್ಟಿನಂತೆ ಚೇಂಬರಿನ ಅಂಚನ್ನು ಕುಟ್ಟಿತ್ತು. ನಾನು ಮನಸ್ಸಿನಲ್ಲೇ ಗುಣಿಸಲು ಶುರುಮಾಡಿ ನಿಲ್ಲಿಸಿದೆ. ಯಜಮಾನರು ಬೆಂಚಿನ ಮೇಲೆ ಕೂತು ತಮ್ಮ ನಡುಗುವ ಕೈಯನ್ನು ನೋಡಿಕೊಳ್ಳುತ್ತಿದ್ದರು.

“ಅಂದ್ರ ನಾವು ಕೈ ಮುಗಿದು ಮುಗಿದು ಇದನ್ನ ಕೊಂದೀವಿ,” ಎಂದರು.

“ಸತ್ತಿಲ್ಲ ಬಿಡ್ರಿ,” ಎಂದರು ಉಸ್ತಾದರು. “ಆದ್ರ ಔಷಧ ಜರಾ ಕಠಿಣ ಅದ.”

ಔಷಧ ಎರಡಿದ್ದವು. ಸಣ್ಣ ಅರದಿಂದ ಆ ನಾಲಗೆಯನ್ನು ಉಜ್ಜಿ ತೆಗೆಯುವುದು ಸುಲಭ. ಕಾಡತೂಸು ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ಉಜ್ಜಿದ ಲೋಹ ತಿರುಗಿ ಬರುವುದಿಲ್ಲ. ಗುಳಿ ಗುಳಿಯಾಗಿಯೇ ಉಳಿಯುತ್ತದೆ, ಆ ಜಾಗದಲ್ಲಿ ಹಿತ್ತಾಳೆಗೆ ಆಸರೆ ಇರುವುದಿಲ್ಲ. ಮುಂದೊಂದು ದಿನ ಅಲ್ಲಿಂದಲೇ ಕೊಳವೆ ಸೀಳಿದರೆ ಬಿಸಿ ಗಾಳಿ ಹೊಡೆಯುವವರ ಮುಖಕ್ಕೆ ಬರುತ್ತದೆ. ಎರಡನೆಯದು, ಸರಿದ ಲೋಹವನ್ನು ಮತ್ತೆ ಅದರ ಗುಳಿಗೇ ಒತ್ತಿ ಕೂರಿಸುವುದು. ಅದಕ್ಕೆ ಚೇಂಬರಿನ ಅಳತೆಗೆ ತಕ್ಕ, ಸ್ವಲ್ಪ ಓರೆಯಿರುವ, ಗಟ್ಟಿ ಉಕ್ಕಿನ ನುಣುಪಾದ ಗೂಟ ಬೇಕು. ಓರೆ ಹೆಚ್ಚಾದರೆ, ಕೈ ತಪ್ಪಿದರೆ ಚೇಂಬರಿನ ಬಾಯಿಯೇ ಅಗಲವಾಗುತ್ತದೆ. ಈ ಹಳೆಯ ಮಾದರಿಗೆ ಬೇರೆ ನಳಿಗೆ ಎಲ್ಲಿಂದ ತರುವುದು? ನಾನು ಇಬ್ಬರಿಗೂ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಉಸ್ತಾದರ ಕಣ್ಣು ಈಗ ಸೂಕ್ಷ್ಮ ಕೆಲಸಕ್ಕೆ ಸಾಲದು. ಮಾಡುವವನು ನಾನೇ, ಇದನ್ನು ಹಿಂದೆ ಮಾಡಿದವನಲ್ಲ ಎಂದೂ ಹೇಳಿದೆ.

ಮಗಳು ತಂದೆಯ ಕಡೆ ನೋಡಿದರು. ಯಜಮಾನರು ತಡಮಾಡಲಿಲ್ಲ. “ನೀ ಮಾಡು ತಮ್ಮಾ. ಕೆಟ್ರ ನಮ್ಮ ಕೈಲಿಂದನ ಕೆಟ್ಟದಂತ ತಿಳ್ಕೋತೀವಿ. ನಿನ್ನ ಹೆಸರು ಹೇಳಂಗಿಲ್ಲ.”

ಶಹಾಪುರದಲ್ಲಿ ನನ್ನ ಜೊತೆ ಐಟಿಐ ಓದಿದವನೊಬ್ಬ ಲೇತ್ ಇಟ್ಟುಕೊಂಡಿದ್ದಾನೆ. ರೈಫಲ್ಲನ್ನು ಒಯ್ಯುವಂತಿರಲಿಲ್ಲ, ಅಳತೆಗಳನ್ನಷ್ಟೇ ಒಯ್ದೆ. ಅವನು ಪಂಪಿನ ಶಾಫ್ಟ್‌ಗಳ ಸಾಲಿನ ನಡುವೆ ನನ್ನ ಕಡ್ಡಿಯನ್ನು ಸೇರಿಸಿಕೊಂಡ.

“ಇಷ್ಟು ಸಣ್ಣದಾ? ಹಲ್ಲು ಕಡ್ಡಿ ಮಾಡಿಸ್ಕೊಳಾಕ ಗೋಗಿಯಿಂದ ಬಂದೀಯಲ್ಲೋ ಮಗನ!”

ಬೈಯುತ್ತಲೇ ಮೂರು ಸಲ ಮಾಡಿದ. ಮೊದಲನೆಯದು ಓರೆ ಹೆಚ್ಚಾಯಿತು, ಎರಡನೆಯದು ಕಾಯಿಸಿ ಅದ್ದಿದಾಗ ಬಾಗಿತು. ಮೂರನೆಯದನ್ನು ಇಬ್ಬರೂ ಕೂತು ಎಣ್ಣೆ ಹಚ್ಚಿದ ಉಪ್ಪುಕಾಗದದಲ್ಲಿ ತಿಕ್ಕಿ ಕನ್ನಡಿ ಮಾಡಿದೆವು. ಮಜೂರಿ ಕೇಳಿದರೆ, “ಮದ್ಲ ಕೆಲಸ ಆಗ್ಲಿ, ಆಮ್ಯಾಲ ಚಹಾ ಕುಡಸು” ಎಂದ.

ಜೂನ್ ಇಪ್ಪತ್ತಾರು, ಬುಧವಾರ. ನಳಿಗೆಯನ್ನು ಬಿಗಿದು, ಗೂಟಕ್ಕೆ ಎಣ್ಣೆ ಹಚ್ಚಿ ಒಳಗೆ ಬಿಟ್ಟೆ. ಒತ್ತುವುದು, ಅಷ್ಟಿಷ್ಟು ತಿರುಗಿಸುವುದು, ತೆಗೆಯುವುದು, ಒರೆಸುವುದು, ಕಣ್ಣುಗಾಜಿನಲ್ಲಿ ನೋಡುವುದು. ಮೊದಲ ಅರ್ಧ ಗಂಟೆ ಏನೂ ಬದಲಾಗಲಿಲ್ಲ. ಉಸ್ತಾದರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಕೈ ಹಾಕಲಿಲ್ಲ. ನಾನು ಅವಸರ ಮಾಡಿದಾಗಲೆಲ್ಲ “ಚಹಾ ಕುಡಿ” ಅನ್ನುತ್ತಿದ್ದರು. ಅಂದು ನಾನು ಬಹಳ ಚಹಾ ಕುಡಿದೆ. ಮಧ್ಯಾಹ್ನದ ನಮಾಜಿಗೆ ಅವರು ಎದ್ದು ಹೋಗಿ ಬರುವ ಹೊತ್ತಿಗೆ ನಾಲಗೆ ಮಡಚಿಕೊಳ್ಳತೊಡಗಿತ್ತು. ಕೊನೆಗೊಮ್ಮೆ ಗೂಟ ತೆಗೆದು ಬೇರೆ ಬಂದೂಕಿನ ಖೋಕಾವೊಂದನ್ನು ಬೆರಳಿನಿಂದ ಬಿಟ್ಟಾಗ ಅದು ತನ್ನ ಭಾರಕ್ಕೇ ಜಾರಿ ಒಳಗೆ ಹೋಗಿ ಟಣ್ ಎಂದು ಕೂತಿತು. ಹೊರಗೆ ತೆಗೆದು ನೋಡಿದೆ. ಗೀರಿಲ್ಲ. ಅಂಚಿನಲ್ಲಿ ಗುಳಿಯ ಜಾಗಕ್ಕೆ ಒಂದು ಮಸುಕು ಕಲೆ, ನಡುವೆ ಕೂದಲಿನಷ್ಟು ತಗ್ಗು ಮಾತ್ರ ಉಳಿದಿತ್ತು. ಅಷ್ಟು ಲೋಹ ಎಲ್ಲೋ ಸವೆದು ಹೋಗಿರಬೇಕು.

ಗುರುವಾರ ಬೆಳಿಗ್ಗೆ ಮೈದಾನದಲ್ಲಿ ಮಗಳು ಹೊಡೆದರು. ಹತ್ತು. ಮತ್ತೆ ಹತ್ತು. ನಾನು ಗೆರೆ ಎಳೆದಿದ್ದ ಹಾಳೆಯ ಎಡಗಡೆಯ ಕಲಂ ಮಾತ್ರ ತುಂಬುತ್ತಾ ಹೋಯಿತು. ಸಿಕ್ಕಿಕೊಂಡದ್ದು, ಠುಸ್ ಆದದ್ದು ಎಂಬ ಎರಡೂ ಕಲಂ ಖಾಲಿ. ಐವತ್ತು ಮುಗಿದಾಗ ನಾನು ಇನ್ನೂ ಐವತ್ತು ಎಂದೆ. ಜಮಾದಾರರು ಈ ಸಲ ತಮಾಷೆ ಮಾಡಲಿಲ್ಲ. ತಾವೇ ಬಂದು ಮಗಳ ಪಕ್ಕ ಕೊಡೆ ಹಿಡಿದು ನಿಂತರು. ನೂರನೆಯದೂ ಹಾರಿತು. ನಾನು ಹಾಳೆಯನ್ನು ಉಸ್ತಾದರ ಮುಂದೆ ಹಿಡಿದೆ. ಅವರು ಅದನ್ನು ಓದಲೇ ಇಲ್ಲ. ಅಲ್ಲೇ, ಜಮಾದಾರರ ಜೀಪಿನ ಬಾನೆಟ್ಟಿನ ಮೇಲೆ ವರದಿಗೆ ಸಹಿ ಹಾಕಿದರು. ಶುಕ್ರವಾರ, ಕೊನೆಯ ದಿನ, ಮಗಳು ಅದನ್ನು ಕಚೇರಿಗೆ ಕೊಟ್ಟರು. ಆಗಸ್ಟಿನಲ್ಲಿ ಪರವಾನಗಿ ಅವರ ಹೆಸರಿಗಾಯಿತು.

ಆ ದಿನ ಮೈದಾನದಿಂದ ಹೊರಡುವಾಗ ಮಗಳು ಬಗ್ಗಿ ಖೋಕಾಗಳನ್ನು ಆರಿಸುತ್ತಿದ್ದರು. ಹೊಸ ಕಾಡತೂಸು ಕೊಳ್ಳುವಾಗ ಖಾಲಿ ತೋರಿಸಬೇಕಾಗುತ್ತದೆ, ಅದಕ್ಕಿರಬೇಕು ಅಂದುಕೊಂಡೆ. ಅವರು ಒಂದನ್ನು ನನ್ನ ಮುಂದೆ ಹಿಡಿದರು.

“ಇದನ್ನ ಒಳಗ ಇಟ್ಟು ಎಳದ್ರ ಪೆಟ್ಟು ಯಾರಿಗಿ ಬೀಳ್ತದ?”

“ಖೋಕಾಕ್ಕ,” ಎಂದೆ. “ಆದ್ರ ಹಳೇ ಗುರುತು ಬಾಜೂಕ ತಿರುಗಿಸಿ, ಒಂದಕ್ಕ ಒಂದ ಸಲ. ಅದ ಜಾಗಾದಾಗ ಎರಡನೇ ಸಲ ಬಿದ್ರ ಆಸರ ಇರಂಗಿಲ್ಲ.”

“ಹಂಗಾದ್ರ ಮನಿ ಮಂದಿಗಿ ತಲಿಗೊಂದು,” ಎಂದು ಸೆರಗಿಗೆ ಕಟ್ಟಿಕೊಂಡರು.

ಮಹಾನವಮಿಗೆ ಉಸ್ತಾದರನ್ನೂ ನನ್ನನ್ನೂ ಸುರಪುರಕ್ಕೆ ಕರೆದಿದ್ದರು. ಪಡಸಾಲೆ ತುಂಬ ಜನ. ಚೌಕಿಯ ಮೇಲೆ ಖಡ್ಗ, ಕುಡುಗೋಲು, ಟ್ರ್ಯಾಕ್ಟರಿನ ಕೀಲಿ, ನಡುವೆ ರೈಫಲ್. ಕುಸುಬೆ ಎಣ್ಣೆ ಇತ್ತು, ದೀಪಕ್ಕೆ ಮಾತ್ರ. ಪಕ್ಕದಲ್ಲಿ ಹಿತ್ತಾಳೆಯ ತಟ್ಟೆಯೊಂದರಲ್ಲಿ ಅರಿಶಿನ-ಕುಂಕುಮದ ಜೊತೆ ಖೋಕಾಗಳು. ಒಬ್ಬೊಬ್ಬರೂ ಒಂದನ್ನು ಎತ್ತಿ ಮಗಳ ಕೈಗೆ ಕೊಡುತ್ತಿದ್ದರು. ಅವರು ಅದು ಖಾಲಿಯೇ ಎಂದು ಬೆಳಕಿಗೆ ಹಿಡಿದು ನೋಡಿ, ಒಳಗಿಟ್ಟು, ರೈಫಲ್ಲನ್ನು ಮುಂದೆ ಹಿಡಿಯುತ್ತಿದ್ದರು. ಸದ್ದು ಬೇರೆಯಾಗಿತ್ತು. ಮೊದಲಿನ ಗಡಸು ಟಿಕ್ ಅಲ್ಲ, ಬಾಗಿಲ ಚಿಲಕ ಮೆಲ್ಲಗೆ ಸರಿಸಿದಂತೆ.

“ಇದೇನ ಸಪ್ಪಳವ್ವಾ?” ಎಂದು ಯಜಮಾನರ ಅಕ್ಕ ಗೊಣಗಿದರು. “ನನಗ ಕೇಳವಲ್ದು. ದೇವಿಗಿ ಹ್ಯಾಂಗ ಕೇಳಬೇಕು?”

“ನೀ ಕಿವುಡಿ ಅದೀಯಕ್ಕಾ. ದೇವಿ ಅಲ್ಲ,” ಎಂದರು ಯಜಮಾನರು. ಪಡಸಾಲೆಯೆಲ್ಲ ನಕ್ಕಿತು.

ಕೊನೆಯ ಸರದಿ ಅವರದು. ಟ್ರಿಗರ್ ಎಳೆದು, ಬೋಲ್ಟ್ ಸರಿಸಿದಾಗ ಹೊರಬಿದ್ದ ಖೋಕಾವನ್ನು ನಡುಗುವ ಬೆರಳಿನಿಂದ ಎತ್ತಿ, ಅದರ ಅಂಚಿನ ಮೇಲಿನ ಎರಡು ಗುರುತುಗಳನ್ನು ನೋಡಿದರು. ಒಂದು ಜೂನಿನಲ್ಲಿ ಮಗಳು ಹೊಡೆದಾಗಿನದು, ಒಂದು ಈಗಿನದು. ನನ್ನನ್ನು ಕರೆದು ಅಂಗೈಯಲ್ಲಿ ಇಟ್ಟರು. “ಇದು ನಿನ್ನ ಪಾಲು,” ಎಂದರು.

ಅದು ಈಗ ನನ್ನ ಬೆಂಚಿನ ಮೇಲಿದೆ. ಆದರೆ ಅಂಚಿನಲ್ಲಿ ಉಳಿದ ಆ ಕೂದಲಿನಷ್ಟು ತಗ್ಗು ನನ್ನ ತಲೆಯಿಂದ ಹೋಗಿಲ್ಲ. ಹೀಗೆ ಒತ್ತಿ ಕೂರಿಸಿದ ಲೋಹ ಎಷ್ಟು ವರ್ಷ ನಿಲ್ಲುತ್ತದೆ, ಮತ್ತೆ ಒಳಕ್ಕೆ ಚಾಚುತ್ತದೆಯೇ, ಎಷ್ಟು ಗುಂಡಿಗೊಮ್ಮೆ ಬಿಚ್ಚಿ ನೋಡಬೇಕು ಎಂಬುದು ಉಸ್ತಾದರಿಗೂ ಖಚಿತವಾಗಿ ಗೊತ್ತಿಲ್ಲ. ಆರು ತಿಂಗಳಿಗೊಮ್ಮೆ ತಂದು ತೋರಿಸಿರೆಂದು ಸದ್ಯಕ್ಕೆ ಹೇಳಿದ್ದೇವೆ. ಈ ಕೆಲಸ ಮಾಡಿದವರು, ಮಾಡಿ ವರ್ಷಗಟ್ಟಲೆ ಅದರ ಮೇಲೆ ಕಣ್ಣಿಟ್ಟವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ನಾನು ಮಾಡಿದ್ದು ತಪ್ಪೆಂದಾದರೆ ಅದನ್ನೇ ಮೊದಲು ಬರೆಯಿರಿ. ಆ ರೈಫಲ್ಲಿಗೆ ಕೆನ್ನೆ ಕೊಟ್ಟು ಮಲಗುವವರು ನನ್ನ ಮಾತನ್ನು ನಂಬಿದ್ದಾರೆ.